ಹದ್ದಿನ ಕಣ್ಣು, ಹದ್ದಿನ ಮೇಲಿನ ಕಣ್ಣು: ಕೋಟೆನಾಡಿನ ಬೇಟೆಹಕ್ಕಿಗಳು, ಜನಪದ ನಂಬಿಕೆ ಮತ್ತು ಗೂಡಿನ ಕ್ಯಾಮೆರಾ

ಪೀಠಿಕೆ

ಕನ್ನಡದಲ್ಲಿ ಎಚ್ಚರದ ಕಾವಲಿಗೆ ‘ಹದ್ದಿನ ಕಣ್ಣು’ ಎನ್ನುತ್ತಾರೆ. ಮನುಷ್ಯನನ್ನು ಎತ್ತರದಿಂದ ನೋಡುವ ಹಕ್ಕಿ ಈ ನುಡಿಗಟ್ಟಿನ ಹಿಂದಿದೆ. ಕಳೆದ ಒಂದೂವರೆ ದಶಕದಲ್ಲಿ ನೋಟದ ಈ ದಿಕ್ಕು ತಿರುಗಿದೆ. ಬೇಟೆಹಕ್ಕಿಗಳ ಗೂಡಿನ ಬಳಿ ಪುಟ್ಟ ಕ್ಯಾಮೆರಾ ಅಳವಡಿಸಿ, ಮೊಟ್ಟೆ ಒಡೆಯುವುದರಿಂದ ಹಿಡಿದು ಮರಿ ಗೂಡು ಬಿಡುವವರೆಗಿನ ದಿನಚರಿಯನ್ನು ಅಂತರ್ಜಾಲದ ಮೂಲಕ ಆ ಕ್ಷಣದಲ್ಲಿಯೇ ಲೋಕಕ್ಕೆ ತೋರಿಸುವ ಪದ್ಧತಿ ಅಮೆರಿಕ, ಯುರೋಪು ಮತ್ತು ಆಸ್ಟ್ರೇಲಿಯಗಳಲ್ಲಿ ಬೇರೂರಿದೆ. ಒಂದು ಗೂಡನ್ನು ಲಕ್ಷಾಂತರ ಜನ ಒಟ್ಟಿಗೆ ನೋಡುವುದು ಪಕ್ಷಿವಿಜ್ಞಾನಕ್ಕೆ ಮಾತ್ರ ಸೇರಿದ ಸಂಗತಿಯಲ್ಲ. ನೋಡುವವರ ನಡುವೆ ಹೆಸರು, ಕಥೆ, ಶಕುನ, ದುಃಖ, ಜಗಳಗಳು ಹುಟ್ಟುವುದರಿಂದ ಅದು ಜಾನಪದ ಅಧ್ಯಯನದ ವಸ್ತುವೂ ಆಗುತ್ತದೆ.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ತಾಲ್ಲೂಕುಗಳ ಪರಿಸರವನ್ನು ಹಿನ್ನೆಲೆಯಾಗಿಟ್ಟುಕೊಂಡು ಮೂರು ಪ್ರಶ್ನೆಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಬೇಟೆಹಕ್ಕಿ ಮತ್ತು ಅದರ ಮರಿಯನ್ನು ಜನಪದರು ಹೇಗೆ ಕಂಡಿದ್ದಾರೆ? ಗೂಡಿನ ಕ್ಯಾಮೆರಾ ಏನನ್ನು, ಹೇಗೆ ತೋರಿಸುತ್ತದೆ? ಇಂತಹ ನೋಟ ಈ ನೆಲಕ್ಕೆ ಬಂದರೆ ಹಕ್ಕಿಗೆ ಒಳಿತಾದೀತೆ, ಕೆಡುಕಾದೀತೆ?

ನೆಲೆ ಮತ್ತು ಹಕ್ಕಿ

ಮಧ್ಯ ಕರ್ನಾಟಕದ ಈ ಭಾಗ ಮಳೆ ಕಡಿಮೆಯಾದ ಬಯಲುಸೀಮೆ. ಚಿತ್ರದುರ್ಗದ ಕೋಟೆ, ಚಂದ್ರವಳ್ಳಿ ಮತ್ತು ಜೋಗಿಮಟ್ಟಿಯ ಸುತ್ತ ಬೃಹತ್ ಬಂಡೆಗಳ ಗುಡ್ಡಗಳೂ ಕುರುಚಲು ಕಾಡೂ ಇವೆ. ಹಿರಿಯೂರಿನ ಬಳಿ ವೇದಾವತಿ ನದಿಗೆ 1898ರಲ್ಲಿ ಆರಂಭಿಸಿ 1907ರಲ್ಲಿ ಮುಗಿಸಿದ ವಾಣಿವಿಲಾಸ ಸಾಗರವಿದೆ. ಜನರ ಬಾಯಲ್ಲಿ ಅದು ಇಂದಿಗೂ ಮಾರಿಕಣಿವೆ. 1933ರ ನಂತರ ಈ ಜಲಾಶಯ ಮತ್ತೆ ಕೋಡಿ ಹರಿದದ್ದು 2022ರಲ್ಲಿ. ಹೊಸದುರ್ಗ ಮತ್ತು ಹೊಳಲ್ಕೆರೆಗಳಲ್ಲಿ ತೆಂಗು ಅಡಿಕೆಯ ತೋಟಗಳಿವೆ, ಕೆರೆಯಂಗಳಗಳಿವೆ, ರಾಗಿ ಜೋಳದ ಹೊಲಗಳಿವೆ.

ಬಂಡೆ, ನೀರು, ತೋಪು, ಬಯಲು ಎಂಬ ಈ ನಾಲ್ಕು ನೆಲೆಗಳು ಬೇರೆ ಬೇರೆ ಬೇಟೆಹಕ್ಕಿಗಳಿಗೆ ಆಸರೆಯಾಗುವಂಥವು. ಕೊಂಬಿನ ಗೂಬೆ ಬಂಡೆಯ ಚಾಚಿನಲ್ಲಿ ಕಡ್ಡಿಯ ಗೂಡು ಕಟ್ಟದೆ ಬರಿನೆಲದ ಮೇಲೆಯೇ ಮೊಟ್ಟೆಯಿಡುತ್ತದೆ. ಬೊನೆಲ್ಲಿ ಗಿಡುಗ ಕಡಿದಾದ ಬಂಡೆಯ ಮೇಲೆ ಅಥವಾ ದೊಡ್ಡ ಮರದಲ್ಲಿ ಕಡ್ಡಿಗಳ ಅಟ್ಟಣಿಗೆ ಕಟ್ಟುತ್ತದೆ. ಗರುಡ ಕೆರೆ ಹೊಳೆಗಳ ಸಮೀಪದ ಎತ್ತರದ ಮರವನ್ನು ಆರಿಸಿಕೊಳ್ಳುತ್ತದೆ. ಕಪ್ಪು ಹದ್ದು ಊರ ನಡುವಿನ ಮರದಲ್ಲಿಯೂ ಗೂಡು ಮಾಡುತ್ತದೆ. ಹಾವು ಹಿಡಿಯುವ ಗಿಡುಗವು ಒಂಟಿ ಮರದ ನೆತ್ತಿಯಲ್ಲಿ ಒಂದೇ ಮೊಟ್ಟೆಯಿಡುತ್ತದೆ. ಹಾಲಕ್ಕಿ ಹಳೆಯ ಮರದ ಪೊಟರೆಯಲ್ಲಿಯೋ ಪಾಳುಗೋಡೆಯ ಸಂದಿನಲ್ಲಿಯೋ ಮರಿಮಾಡುತ್ತದೆ.

ಹೆಸರು ಮತ್ತು ನುಡಿ

ಹದ್ದು, ಗಿಡುಗ, ಡೇಗೆ, ಗರುಡ, ರಣಹದ್ದು, ಗೂಬೆ, ಹಾಲಕ್ಕಿ ಮೊದಲಾದ ಕನ್ನಡ ಹೆಸರುಗಳು ವಿಜ್ಞಾನದ ಪ್ರಭೇದಗಳಿಗೆ ಒಂದಕ್ಕೊಂದು ಹೊಂದಿಕೊಳ್ಳುವುದಿಲ್ಲ. ಜನಪದ ವರ್ಗೀಕರಣದ ಆಧಾರ ಹಕ್ಕಿ ಹಾರುವ ರೀತಿ, ಎರಗುವ ಬಗೆ ಮತ್ತು ಕೂಗುವ ಹೊತ್ತು. ಆಕಾಶದಲ್ಲಿ ಸುತ್ತುವುದು ಹದ್ದು, ಮರೆಯಿಂದ ಥಟ್ಟನೆ ಎರಗುವುದು ಗಿಡುಗ ಅಥವಾ ಡೇಗೆ, ಇರುಳಿನಲ್ಲಿ ಕೂಗುವುದು ಗೂಬೆ. ಬೇಟೆಗೆ ಪಳಗಿಸಿದ ಹಕ್ಕಿಗೆ ‘ಸಾಳುವ’ ಎಂಬ ಹಳೆಯ ಪದವಿತ್ತು. ಅದು ಬಿರುದಾಗಿ, ಮನೆತನದ ಹೆಸರಾಗಿ ಉಳಿದಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಹನ್ನೆರಡನೆಯ ಶತಮಾನದ ಸಂಸ್ಕೃತ ಕೃತಿ ‘ಮಾನಸೋಲ್ಲಾಸ’ದಲ್ಲಿ ಗಿಡುಗಗಳಿಂದ ಬೇಟೆಯಾಡಿಸುವ ಶ್ಯೇನವಿನೋದದ ವಿವರಣೆಯಿದೆ. ಅರಮನೆಗೆ ಬೇಟೆಹಕ್ಕಿ ಸಾಧನವಾಗಿತ್ತು. ಹಳ್ಳಿಗೆ ಅದು ನೆರೆಯವನೂ ಹೌದು, ಕಳ್ಳನೂ ಹೌದು, ದೇವರ ವಾಹನವೂ ಹೌದು.

ನುಡಿಗಟ್ಟುಗಳಲ್ಲಿಯೂ ಈ ಬಗೆಯ ಇಬ್ಬಗೆ ಕಾಣುತ್ತದೆ. ಮಾಡದ ತಪ್ಪನ್ನು ಒಬ್ಬನ ತಲೆಗೆ ಕಟ್ಟುವುದು ‘ಗೂಬೆ ಕೂರಿಸುವುದು’. ಬೆಳೆದ ಮಕ್ಕಳು ಮನೆ ಬಿಟ್ಟು ಹೋಗುವುದಕ್ಕೆ ‘ರೆಕ್ಕೆ ಬಲಿತ ಹಕ್ಕಿ’ ಎಂಬ ಮಾತಿದೆ. ಮೊದಲನೆಯದು ಹಕ್ಕಿಯನ್ನು ಅಪಶಕುನಕ್ಕೆ ಕಟ್ಟಿದರೆ, ಎರಡನೆಯದು ಮರಿ ಗೂಡು ಬಿಡುವುದನ್ನು ಮನೆತನದ ಅನುಭವದೊಡನೆ ಬೆಸೆಯುತ್ತದೆ. ಗೂಡಿನ ಕ್ಯಾಮೆರಾದ ಮುಂದೆ ಕುಳಿತವರು ಕಾಯುವುದು ಇದೇ ಗಳಿಗೆಗೆ ಎಂಬುದು ಗಮನಾರ್ಹ.

ಗರುಡ ಮತ್ತು ಗೂಬೆ

ತೇರು ಎಳೆಯುವ ಹೊತ್ತಿಗೆ ಗರುಡ ಆಕಾಶದಲ್ಲಿ ಕಾಣಿಸಿಕೊಂಡು ಪ್ರದಕ್ಷಿಣೆ ಹಾಕಬೇಕು ಎಂಬ ನಂಬಿಕೆ ಕರ್ನಾಟಕದ ಹಲವೆಡೆ ವ್ಯಾಪಕವಾಗಿದೆ. ಸಾವಿರಾರು ಜನ ಏಕಕಾಲಕ್ಕೆ ತಲೆಯೆತ್ತಿ ಒಂದು ಬೇಟೆಹಕ್ಕಿಗಾಗಿ ಕಾಯುವ ಈ ದೃಶ್ಯ ಸಾಮೂಹಿಕ ಪಕ್ಷಿವೀಕ್ಷಣೆಯ ಹಳೆಯ ರೂಪ ಎನ್ನಬಹುದು. ದಕ್ಷಿಣ ಏಷ್ಯಾದಲ್ಲಿ ಗರುಡನ ಮರಿಮಾಡುವ ಕಾಲ ಸಾಮಾನ್ಯವಾಗಿ ಡಿಸೆಂಬರಿನಿಂದ ಏಪ್ರಿಲ್. ಬಯಲುಸೀಮೆಯ ಹೆಚ್ಚಿನ ಜಾತ್ರೆಗಳು ನಡೆಯುವ ಮಾಘ, ಫಾಲ್ಗುಣ, ಚೈತ್ರ ಮಾಸಗಳೂ ಇದೇ ಅವಧಿಯಲ್ಲಿ ಬರುತ್ತವೆ. ಗೂಡಿಗೆ ಅಂಟಿಕೊಂಡ ಜೋಡಿ ದಿನವೂ ಅದೇ ಕೆರೆ, ಅದೇ ತೋಪಿನ ಮೇಲೆ ಹಾರುವುದರಿಂದ ಜಾತ್ರೆಯ ಬಯಲಿನ ಮೇಲೆ ಅದು ಕಾಣುವ ಸಾಧ್ಯತೆಯೂ ಹೆಚ್ಚು. ನಂಬಿಕೆಯ ಅರ್ಥವನ್ನು ಈ ವಿವರಣೆ ಮುಗಿಸಿಬಿಡುವುದಿಲ್ಲ. ನಂಬಿಕೆ ಯಾವ ನೆಲದ ಮೇಲೆ ನಿಂತಿದೆ ಎಂಬುದನ್ನಷ್ಟೇ ತೋರಿಸುತ್ತದೆ. ಊರ ಮುಂದಿನ ಮರ ಕಡಿದು ಕೆರೆ ಒಣಗಿದರೆ ತೇರಿನ ಮೇಲೆ ಸುತ್ತುವ ಗರುಡನೂ ಇರುವುದಿಲ್ಲ.

ಗೂಬೆಯ ಸ್ಥಿತಿ ಇದಕ್ಕೆ ವಿರುದ್ಧವಾದುದು. ಮನೆಯ ಮೇಲೆ ಗೂಬೆ ಕೂತರೆ ಕೇಡು ಎಂಬ ಭಾವನೆಯಿಂದಾಗಿ ಜನ ಅದರ ಬಳಿ ಸುಳಿಯುವುದಿಲ್ಲ. ಹಾಲಕ್ಕಿಯದು ಇವೆರಡರ ನಡುವಿನ ಸ್ಥಾನ. ಅದರ ನುಡಿಯನ್ನು ತಿಳಿದು ಶಕುನ ಹೇಳುವವರೆಂದು ಹೆಸರಾದ ಬುಡಬುಡಿಕೆಯವರು ಬೆಳಗಿನ ಜಾವ ಊರೊಳಗೆ ಬಂದು ಭವಿಷ್ಯ ನುಡಿಯುವ ಪರಂಪರೆ ಬಯಲುಸೀಮೆಗೆ ಪರಿಚಿತ. ಹಕ್ಕಿಯ ಕೂಗನ್ನು ಮನುಷ್ಯರ ಮಾತಿಗೆ ತರುವ ದುಭಾಷಿಯ ಸ್ಥಾನ ಅವರದು. ಆದರೆ ನಂಬಿಕೆಗೆ ಕ್ರೂರವಾದ ಇನ್ನೊಂದು ಮುಖವಿದೆ. ಮಾಟ ಮಂತ್ರ, ನಿಧಿ ಶೋಧಗಳ ಹೆಸರಿನಲ್ಲಿ ಗೂಬೆಗಳನ್ನು ಹಿಡಿದು ಮಾರುವ ಅಕ್ರಮ ದಂಧೆ ಭಾರತದ ಹಲವು ರಾಜ್ಯಗಳಲ್ಲಿ ನಡೆಯುತ್ತಿರುವುದನ್ನು ವನ್ಯಜೀವಿ ವ್ಯಾಪಾರದ ಮೇಲೆ ಕಣ್ಣಿಡುವ ಟ್ರಾಫಿಕ್ ಸಂಸ್ಥೆಯ 2010ರ ವರದಿ ದಾಖಲಿಸಿದೆ. ಅಂದರೆ ಒಂದೇ ಭಯ ಬಹುಜನರನ್ನು ಗೂಡಿನಿಂದ ದೂರವಿರಿಸುತ್ತದೆ, ಕೆಲವರನ್ನು ಅಲ್ಲಿಗೆ ಕರೆದೊಯ್ಯುತ್ತದೆ.

ಕೋಳಿಯಿಲ್ಲದ ಹಟ್ಟಿ

ಹದ್ದಿನ ಮೇಲಿನ ಹಗೆಗೆ ಕೋಳಿಮರಿ ಮುಖ್ಯ ಕಾರಣ. ಒಬ್ಬರು ತಾಯಿಕೋಳಿಯಾಗಿ ಮುಂದೆ ನಿಂತು, ಉಳಿದ ಮಕ್ಕಳು ಮರಿಗಳಾಗಿ ಒಬ್ಬರ ಹಿಂದೊಬ್ಬರು ಸೊಂಟ ಹಿಡಿದು ಸಾಲಾಗಿ ನಿಂತು, ಹದ್ದಾದವನು ಕೊನೆಯ ಮರಿಯನ್ನು ಕಸಿಯಲು ಯತ್ನಿಸುವ ಆಟ ನಾಡಿನೆಲ್ಲೆಡೆ ಪರಿಚಿತ. ಆ ಆಟದಲ್ಲಿ ಮರಿಗಳಿರುವುದು ಕೋಳಿಗೆ ಮಾತ್ರ. ಹದ್ದಿಗೂ ಹಸಿದ ಮರಿಗಳಿರಬಹುದು ಎಂಬ ಎಣಿಕೆ ಅಲ್ಲಿ ಬರುವುದೇ ಇಲ್ಲ.

ಈ ಜಿಲ್ಲೆಯ ಜನಜೀವನದಲ್ಲಿ ಇದಕ್ಕೆ ಸಂಬಂಧಿಸಿದ ಒಂದು ವಿಶೇಷವಿದೆ. ಪಶುಪಾಲನೆಯ ಹಿನ್ನೆಲೆಯ ಮ್ಯಾಸಬೇಡರಲ್ಲಿ ಕೋಳಿ ನಿಷಿದ್ಧ; ಸಂಪ್ರದಾಯಸ್ಥ ಹಟ್ಟಿಗಳಲ್ಲಿ ಕೋಳಿ ಸಾಕುವುದೂ ಇಲ್ಲ, ತಿನ್ನುವುದೂ ಇಲ್ಲ. ದೇವರ ಎತ್ತುಗಳನ್ನು ಪೊರೆಯುವ ಈ ಸಮುದಾಯದ ಆಚರಣೆಗಳ ಬಗೆಗೆ ಸಾಕಷ್ಟು ಅಧ್ಯಯನಗಳು ನಡೆದಿವೆ. ಕೋಳಿಯೇ ಇಲ್ಲದ ಹಟ್ಟಿಯಲ್ಲಿ ಹದ್ದು ಕಳ್ಳನಾಗುವ ಸಂದರ್ಭ ಕಡಿಮೆ ಎಂದು ಊಹಿಸಬಹುದು. ಹಾಗಾದರೆ ಅಂತಹ ಹಟ್ಟಿಯ ಕಥೆ, ಒಗಟು, ಮಕ್ಕಳಾಟಗಳಲ್ಲಿ ಹದ್ದಿನ ಪಾತ್ರ ಬೇರೆಯಾಗಿದೆಯೇ? ಕೋಳಿ ಸಾಕುವ ಪಕ್ಕದ ಊರಿನ ಸಾಮಗ್ರಿಯೊಡನೆ ಹೋಲಿಸಿ ನೋಡಬೇಕಾದ ಪ್ರಶ್ನೆಯಿದು. ಬೇಟೆಹಕ್ಕಿಯ ಬಗೆಗಿನ ಭಾವ ಹಕ್ಕಿಯ ಸ್ವಭಾವದಿಂದ ಮಾತ್ರ ಹುಟ್ಟುವುದಿಲ್ಲ, ನೋಡುವವರ ಅಂಗಳದಲ್ಲಿ ಏನಿದೆ ಎಂಬುದರಿಂದಲೂ ಹುಟ್ಟುತ್ತದೆ.

ಗೂಡಿನೊಳಗಿನ ಕಾಲಕ್ರಮ

ನೆಲದಲ್ಲಿ ನಿಂತವರಿಗೆ ಕಾಣುವುದು ಗೂಡಿನ ತಳ ಮಾತ್ರ. ಒಳಗಿನ ಕಾಲಕ್ರಮ ಸುಮಾರಾಗಿ ಹೀಗಿರುತ್ತದೆ. ಗರುಡ ಸಾಮಾನ್ಯವಾಗಿ 2 ಮೊಟ್ಟೆಯಿಟ್ಟು 26ರಿಂದ 27 ದಿನ ಕಾವು ಕೊಡುತ್ತದೆ. ಮರಿ ಗೂಡು ಬಿಡಲು 40ರಿಂದ 56 ದಿನ ಬೇಕು. ಬೊನೆಲ್ಲಿ ಗಿಡುಗದ ಕಾವಿನ ಅವಧಿ ಸುಮಾರು 40 ದಿನ, ಮರಿ ಹಾರುವುದು ಎರಡು ತಿಂಗಳು ಕಳೆದ ಮೇಲೆ. ಕೊಂಬಿನ ಗೂಬೆಯ ಮೊಟ್ಟೆ ಒಡೆಯಲು ಸುಮಾರು 33 ದಿನ. ಅದರ ಮರಿಗಳು ಹಾರಲು ಕಲಿಯುವ ಮೊದಲೇ ಬಂಡೆಯ ಮೇಲೆ ನಡೆದಾಡತೊಡಗುತ್ತವೆ, ತಿಂಗಳುಗಟ್ಟಲೆ ತಂದೆ ತಾಯಿಯನ್ನೇ ನೆಚ್ಚಿಕೊಂಡಿರುತ್ತವೆ. ಗುಡ್ಡದ ಮೇಲೆ ಒಂಟಿಯಾಗಿ ಸಿಕ್ಕ ಗೂಬೆಮರಿಯನ್ನು ಅನಾಥವೆಂದು ಬಗೆದು ಮನೆಗೆ ತರುವುದು ಈ ಕಾರಣದಿಂದ ಹೆಚ್ಚಿನ ವೇಳೆ ತಪ್ಪಾಗುತ್ತದೆ.

ಮೊದಲ ಮೊಟ್ಟೆಯಿಟ್ಟೊಡನೆ ಕಾವು ಆರಂಭಿಸುವ ಬೇಟೆಹಕ್ಕಿಗಳಲ್ಲಿ ಮರಿಗಳು ಒಂದೆರಡು ದಿನದ ಅಂತರದಲ್ಲಿ ಹೊರಬರುತ್ತವೆ. ಹಿರಿಯ ಮರಿ ದೊಡ್ಡದಾಗಿರುತ್ತದೆ. ಆಹಾರ ಸಾಲದಾದಾಗ ಅದು ಕಿರಿಯದನ್ನು ಕುಕ್ಕಿ ದೂಡುತ್ತದೆ. ಕೆಲವು ಪ್ರಭೇದಗಳಲ್ಲಿ ಕೊಂದೇಬಿಡುತ್ತದೆ. ಮಳೆ ನಂಬಲಾಗದ ನೆಲದಲ್ಲಿ ಎರಡನೆಯ ಮೊಟ್ಟೆ ಒಂದು ಬಗೆಯ ಮುಂಜಾಗ್ರತೆ: ಸುಭಿಕ್ಷದ ವರ್ಷ ಎರಡೂ ಬದುಕುತ್ತವೆ, ಬರಗಾಲದಲ್ಲಿ ಒಂದಾದರೂ ಉಳಿಯುತ್ತದೆ. ಹಾರುವುದಕ್ಕೆ ಮುಂಚಿನ ವಾರಗಳಲ್ಲಿ ಮರಿ ಗೂಡಿನ ಅಂಚಿನಲ್ಲಿ ನಿಂತು ಗಾಳಿಗೆದುರಾಗಿ ರೆಕ್ಕೆ ಬಡಿಯುತ್ತದೆ, ಕೊಂಬೆಯಿಂದ ಕೊಂಬೆಗೆ ಜಿಗಿಯುತ್ತದೆ. ಗೂಡು ಬಿಟ್ಟ ಮೇಲೂ ಬೇಟೆ ಕಲಿಯುವವರೆಗೆ ಹೆತ್ತವರು ಉಣಿಸುತ್ತಾರೆ. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆ ಇಲ್ಲಿ ಇನ್ನೊಂದು ಅರ್ಥ ಪಡೆಯುತ್ತದೆ. ಹೊಲದ ಹೆಗ್ಗಣ ಇಲಿಗಳೇ ಈ ಮರಿಗಳ ಊಟ.

ಕ್ಯಾಮೆರಾದ ಕಾರ್ಯವಿಧಾನ

ಸರಿಯಾದ ಕ್ರಮದಲ್ಲಿ ಕ್ಯಾಮೆರಾವನ್ನು ಮರಿಮಾಡುವ ಕಾಲಕ್ಕೆ ಮುಂಚೆ, ಹಕ್ಕಿಗಳು ಗೂಡಿನಲ್ಲಿ ಇಲ್ಲದಿರುವಾಗ ಅಳವಡಿಸುತ್ತಾರೆ. ಮೊಟ್ಟೆಯಿಟ್ಟ ಮೇಲೆ ಹತ್ತಿದರೆ ಹಕ್ಕಿ ಗೂಡನ್ನೇ ತೊರೆಯಬಹುದು. ಸೌರಫಲಕ ಅಥವಾ ತಂತಿಯಿಂದ ವಿದ್ಯುತ್ತು, ಇರುಳಿನಲ್ಲಿ ಹಕ್ಕಿಯ ಕಣ್ಣನ್ನು ಕಾಡದ ಅವಕೆಂಪು ಬೆಳಕು, ಧ್ವನಿಗ್ರಾಹಕ, ನಿಸ್ತಂತು ಜಾಲದ ಸಂಪರ್ಕ ಇವು ಅದರ ಅಂಗಗಳು. ಆ ಚಾಲೂ ಚಿತ್ರದಿಂದ ಗೂಡಿಗೆ ಬಂದ ಆಹಾರ, ಉಣಿಸಿದ ಸರದಿ, ಮರಿಗಳ ಬೆಳವಣಿಗೆ, ಸಾವಿನ ಕಾರಣಗಳನ್ನು ಹಕ್ಕಿಗೆ ಅಡ್ಡಿಯಾಗದಂತೆ ಗುರುತಿಸಬಹುದು.

2011ರಲ್ಲಿ ಅಮೆರಿಕದ ಅಯೋವ ರಾಜ್ಯದ ಡೆಕೋರಾ ಊರಿನ ಬೋಳುಹದ್ದುಗಳ ಗೂಡಿನ ನೇರಪ್ರಸಾರ ಕೋಟ್ಯಂತರ ನೋಟಗಳನ್ನು ಪಡೆದು ಈ ಪದ್ಧತಿಗೆ ಜನಪ್ರಿಯತೆ ತಂದಿತು. 2012ರಲ್ಲಿ ಕಾರ್ನೆಲ್ ವಿಶ್ವವಿದ್ಯಾನಿಲಯದ ಪಕ್ಷಿ ಪ್ರಯೋಗಾಲಯವು ವಿಶ್ವವಿದ್ಯಾನಿಲಯದ ಆವರಣದ ದೀಪಸ್ತಂಭದ ಮೇಲಿದ್ದ ಕೆಂಪುಬಾಲದ ಗಿಡುಗದ ಗೂಡನ್ನು ತೋರಿಸಲಾರಂಭಿಸಿತು. ಕ್ಯಾಲಿಫೋರ್ನಿಯದ ಬಿಗ್ ಬೇರ್ ಕಣಿವೆಯ ಬೋಳುಹದ್ದುಗಳಾದ ಜಾಕಿ ಮತ್ತು ಶಾಡೊ ಜೋಡಿಗೆ 2025ರಲ್ಲಿ ಮೂರು ಮರಿಗಳಾದವು. ಹಿಮಗಾಳಿಯಲ್ಲಿ ಒಂದು ಸತ್ತಿತು. ಉಳಿದೆರಡು ಅದೇ ಜೂನ್ ತಿಂಗಳಲ್ಲಿ ಗೂಡು ಬಿಟ್ಟವು.

ನೋಟಕರ ಹೊಸ ಜಾನಪದ

ಈ ಪ್ರಸಾರಗಳ ಸುತ್ತ ಬೆಳೆದಿರುವ ಆಚರಣೆಗಳು ಜಾನಪದ ವಿದ್ವಾಂಸರಿಗೆ ಅಪರಿಚಿತವಲ್ಲ. ಮೊದಲನೆಯದು ನಾಮಕರಣ. ಕಾರ್ನೆಲ್‌ನ ಹೆಣ್ಣು ಗಿಡುಗಕ್ಕೆ ಬಿಗ್ ರೆಡ್, ಗಂಡಿಗೆ ಎಜ್ರಾ ಎಂಬ ಹೆಸರಾಯಿತು. ಹೆಸರು ಬಂದೊಡನೆ ಹಕ್ಕಿಗೆ ಚರಿತ್ರೆ ಬಂದಿತು, ವಂಶಾವಳಿ ಬಂದಿತು. 2017ರಲ್ಲಿ ಗಾಯಗೊಂಡ ಎಜ್ರಾನನ್ನು ಉಳಿಸಲಾಗದೆ ಹೋದಾಗ, ಅದನ್ನು ಕಣ್ಣಾರೆ ಕಾಣದ ದೂರದೇಶದವರೂ ಶೋಕಿಸಿದರು. ಎರಡನೆಯದು ಕಾಯುವಿಕೆಯ ವಿಧಿ: ದಿನದ ಗೊತ್ತಾದ ಹೊತ್ತಿನಲ್ಲಿ ನೋಡುವುದು, ಮೊದಲ ಹಾರಾಟದ ದಿನವನ್ನು ಊಹಿಸುವುದು. ಮೂರನೆಯದು ನ್ಯಾಯಾನ್ಯಾಯದ ಚರ್ಚೆ: ಕಿರಿಯ ಮರಿ ಹಸಿವಿನಿಂದ ಸಾಯುತ್ತಿರುವಾಗ ಮನುಷ್ಯರು ಕೈಹಾಕಬೇಕೆ, ಬೇಡವೆ ಎಂಬುದು. ಸಾಮಾನ್ಯವಾಗಿ ನಿರ್ವಾಹಕರು, ಗಾಳದ ದಾರದಂತಹ ಮನುಷ್ಯಕೃತ ಅಪಾಯವಾದರೆ ಮಾತ್ರ ಮಧ್ಯೆ ಪ್ರವೇಶಿಸಿ, ನಿಸರ್ಗದ ಸಾವಿನಲ್ಲಿ ಸುಮ್ಮನಿರುತ್ತಾರೆ. ಈ ಮೌನವನ್ನು ಒಪ್ಪಲಾಗದ ನೋಟಕರ ಸಂಕಟ ನಿಜವಾದದ್ದು.

ಭಾರತದಲ್ಲಿ ಇದಕ್ಕೆ ಹತ್ತಿರದ ಉದಾಹರಣೆ ನಾಗಾಲ್ಯಾಂಡಿನ ಅಮುರ್ ಡೇಗೆಗಳದು. 2012ರಲ್ಲಿ ದೊಯಾಂಗ್ ಜಲಾಶಯದ ಬಳಿ ಬಲೆ ಹಾಕಿ ಅವುಗಳನ್ನು ಬೃಹತ್ ಸಂಖ್ಯೆಯಲ್ಲಿ ಕೊಲ್ಲುತ್ತಿದ್ದುದು ಬೆಳಕಿಗೆ ಬಂದಿತು. ಮರುವರ್ಷವೇ ಗ್ರಾಮಸಭೆ, ಚರ್ಚು ಮತ್ತು ಅರಣ್ಯ ಇಲಾಖೆಗಳ ಸಹಕಾರದಿಂದ ಬೇಟೆ ನಿಂತಿತು. 2013ರಲ್ಲಿ ಉಪಗ್ರಹ ಸಂಕೇತಕ ತೊಡಿಸಿದ ಮೂರು ಹಕ್ಕಿಗಳಿಗೆ ನಾಗಾ, ವೋಖಾ, ಪಾಂಗ್ಟಿ ಎಂದು ಜನಾಂಗದ, ಜಿಲ್ಲೆಯ ಮತ್ತು ಹಳ್ಳಿಯ ಹೆಸರುಗಳನ್ನೇ ಇಡಲಾಯಿತು. ನೋಟದ ಸಾಧನ ಬಂದದ್ದು ಹೊರಗಿನಿಂದ, ಆದರೆ ಹೆಸರು ಅಲ್ಲಿಯದೇ. ಆಫ್ರಿಕದವರೆಗೆ ಹಾರಿದ ಹಕ್ಕಿ ಊರಿನ ಮಗುವಾಯಿತು.

ಕರ್ನಾಟಕದಲ್ಲಿ ಬಂಡೆಯ ಬೇಟೆಹಕ್ಕಿಗೆ ದೊರೆತ ಪ್ರಮುಖ ರಕ್ಷಣೆ ರಾಮನಗರದ ರಾಮದೇವರ ಬೆಟ್ಟದ್ದು. 2012ರಲ್ಲಿ ಸುಮಾರು 346 ಹೆಕ್ಟೇರ್ ಪ್ರದೇಶ ದೇಶದ ಮೊದಲ ರಣಹದ್ದು ಧಾಮವಾಯಿತು. ಅಲ್ಲಿಯ ಉದ್ದಕೊಕ್ಕಿನ ರಣಹದ್ದು ಒಂದು ಸಲಕ್ಕೆ ಒಂದೇ ಮೊಟ್ಟೆಯಿಡುವುದರಿಂದ ಒಂದು ಮರಿ ಕೆಳಗೆ ಬಿದ್ದರೂ ಆ ಜೋಡಿಯ ಒಂದು ವರ್ಷ ವ್ಯರ್ಥ. ಜಾನುವಾರುಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಔಷಧಿ ರಣಹದ್ದುಗಳ ಮೂತ್ರಪಿಂಡ ಕೆಡಿಸುತ್ತದೆಂದು 2004ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. 2006ರಲ್ಲಿ ಅದರ ಪಶುವೈದ್ಯಕೀಯ ಬಳಕೆ ನಿಷೇಧವಾಯಿತು. ಆ ವೇಳೆಗೆ ದೇಶದ ಬಹುಪಾಲು ರಣಹದ್ದುಗಳು ಅಳಿದಿದ್ದವು. ಜನಪದ ಬದುಕಿನ ಪರಿಕರಗಳನ್ನು ಕಾಪಿಟ್ಟ ಜಾನಪದ ಲೋಕವೂ ಅದೇ ರಾಮನಗರದಲ್ಲಿದೆ. ವಸ್ತುವನ್ನು ಉಳಿಸುವ ಕೆಲಸವೂ ಹಕ್ಕಿಯನ್ನು ಉಳಿಸುವ ಕೆಲಸವೂ ಅಲ್ಲಿ ನೆರೆಹೊರೆಯಲ್ಲಿ ನಡೆಯುತ್ತಿವೆ.

ಭಯ ಮತ್ತು ಪ್ರೀತಿ

ಕೋಟೆನಾಡಿನ ಬೇಟೆಹಕ್ಕಿಗಳ ಮುಂದಿರುವ ಅಪಾಯಗಳು ಮೂಢನಂಬಿಕೆಯಿಂದ ಬಂದವು ಮಾತ್ರವಲ್ಲ. ಈ ಜಿಲ್ಲೆಯ ಗುಡ್ಡಸಾಲುಗಳಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆ ನಡೆದಿದೆ. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಬಳ್ಳಾರಿಯ ಜೊತೆಗೆ ಚಿತ್ರದುರ್ಗ, ತುಮಕೂರುಗಳಲ್ಲಿಯೂ ಅದನ್ನು ತಡೆದು, ಬಳಿಕ ಷರತ್ತುಗಳೊಡನೆ ಅನುಮತಿ ನೀಡಿತು. ಕಲ್ಲುಗಣಿ ಬಂಡೆಯ ಚಾಚುಗಳನ್ನೇ ಇಲ್ಲವಾಗಿಸುತ್ತದೆ. ಜೋಗಿಮಟ್ಟಿಯ ಸಾಲೂ ಸೇರಿದಂತೆ ಹಲವು ಗುಡ್ಡಗಳ ನೆತ್ತಿಯ ಮೇಲೆ ಗಾಳಿಯಂತ್ರಗಳು ನಿಂತಿವೆ. ಮರಿ ಮೊದಲು ರೆಕ್ಕೆ ಬಿಚ್ಚಲು ಬೇಕಾದ ಗಾಳಿಯೂ ವಿದ್ಯುತ್ತಿಗೆ ಬೇಕಾದ ಗಾಳಿಯೂ ಒಂದೇ. ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಮಹಾರಾಷ್ಟ್ರದ ಚಾಳ್ಕೇವಾಡಿ ಪ್ರಸ್ಥಭೂಮಿಯಲ್ಲಿ ನಡೆಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗಾಳಿಯಂತ್ರಗಳಿಲ್ಲದ ಕಡೆ ಬೇಟೆಹಕ್ಕಿಗಳು ಸುಮಾರು ನಾಲ್ಕು ಪಟ್ಟು ಹೆಚ್ಚಾಗಿ ಕಂಡುಬಂದವು. ಗಾಳಿವಿದ್ಯುತ್ತು ಬೇಡವೆಂಬುದು ಇದರ ಅರ್ಥವಲ್ಲ. ಯಂತ್ರ ನಿಲ್ಲಿಸುವ ಮೊದಲು ಗೂಡುಗಳು ಎಲ್ಲಿವೆ ಎಂದು ತಿಳಿದಿರಬೇಕು ಎಂಬುದು ಇದರ ಅರ್ಥ. ಆ ಅರಿವು ಗುಡ್ಡದಲ್ಲಿ ದಿನ ಕಳೆಯುವ ಕುರಿಗಾಹಿ, ದನಗಾಹಿಗಳ ಬಳಿ ಇರುವ ಸಂಭವವೇ ಹೆಚ್ಚು.

ಇಲ್ಲಿ ಒಂದು ತೊಡಕಿದೆ. ಭಯ ಗೂಡಿನಿಂದ ಜನರನ್ನು ದೂರವಿರಿಸಿತ್ತು. ಕ್ಯಾಮೆರಾ ಭಯವನ್ನು ಕಳೆದು ಮಮತೆಯನ್ನು ಬೆಳೆಸುತ್ತದೆ. ಮಮತೆಯಾದರೋ ಜನರನ್ನು ಹತ್ತಿರಕ್ಕೆ ಎಳೆಯುತ್ತದೆ. ಗೂಡಿನ ಜಾಗ ಬಹಿರಂಗವಾದರೆ ಛಾಯಾಗ್ರಾಹಕರ ಗುಂಪು, ಕುತೂಹಲಿಗಳು, ಕೊನೆಗೆ ಮರಿ ಕದಿಯುವವರೂ ಬಂದಾರು. ಬಿಸಿಲಿನ ಹೊತ್ತು ತಾಯಿ ಗೂಡಿನಿಂದ ಕೆಲವೇ ನಿಮಿಷ ಎದ್ದುಹೋದರೂ ಕಾದ ಬಂಡೆಯ ಮೇಲಿನ ಎಳೆಮರಿಗೆ ಅದು ಪ್ರಾಣಾಂತಿಕ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಕಾಡುಹಕ್ಕಿಗಳ ಮೊಟ್ಟೆಗೆ ಹಾನಿ ಮಾಡುವುದನ್ನೂ ಗೂಡು ಕೆದಕುವುದನ್ನೂ ಬೇಟೆಯ ವ್ಯಾಖ್ಯೆಯಲ್ಲಿಯೇ ಸೇರಿಸಿದೆ ಎಂಬುದನ್ನು ಇಲ್ಲಿ ನೆನೆಯಬೇಕು. ಆದಕಾರಣ ನೋಟವನ್ನು ಹಂಚಿಕೊಳ್ಳುವುದು, ಜಾಗವನ್ನು ಮರೆಮಾಡುವುದು ಎರಡೂ ಜೊತೆಯಾಗಿ ನಡೆಯಬೇಕು. ದೂರದಿಂದ ಕೈಮುಗಿದು ಮುಟ್ಟದೆ ಬಿಡುವ ಶಿಸ್ತು ಜನಪದರಿಗೆ ಹೊಸದಲ್ಲ. ದೇವರ ಕಾಡು, ದೇವರ ಮರ, ದೇವರ ಎತ್ತು ಉಳಿದದ್ದು ಅದೇ ಶಿಸ್ತಿನಿಂದ.

ಉಪಸಂಹಾರ

ಈ ವಿವೇಚನೆಯಿಂದ ಕೆಲವು ಕಾರ್ಯಗಳು ಸೂಚಿತವಾಗುತ್ತವೆ. ಒಂದು, ನಾಲ್ಕು ತಾಲ್ಲೂಕುಗಳಲ್ಲಿ ಬೇಟೆಹಕ್ಕಿಗಳ ಸ್ಥಳೀಯ ಹೆಸರು, ಗಾದೆ, ಒಗಟು, ಆಟ, ಶಕುನಗಳನ್ನು ಸಮುದಾಯವಾರು ಸಂಗ್ರಹಿಸಬೇಕು. ಕೋಳಿ ಸಾಕುವ ಮತ್ತು ಸಾಕದ ಊರುಗಳ ಸಾಮಗ್ರಿಯನ್ನು ಬೇರೆಬೇರೆಯಾಗಿ ದಾಖಲಿಸಬೇಕು. ಎರಡು, ಗುಡ್ಡಗಳ ಕುರಿಗಾಹಿಗಳ ಗೂಡಿನ ಅರಿವನ್ನು ಅವರ ಒಪ್ಪಿಗೆಯೊಡನೆ ಬರೆದಿಟ್ಟು, ಜಾಗದ ವಿವರವನ್ನು ಪ್ರಕಟಿಸದೆ ಅರಣ್ಯ ಇಲಾಖೆಗೆ ಮಾತ್ರ ಒದಗಿಸಬೇಕು. ಮೂರು, ಎಂದಾದರೂ ಇಲ್ಲಿ ಗೂಡಿನ ಕ್ಯಾಮೆರಾ ಬರುವುದಾದರೆ ಅದರ ವಿವರಣೆ ಕನ್ನಡದಲ್ಲಿರಬೇಕು, ಹಕ್ಕಿಗೆ ಊರವರೇ ಹೆಸರಿಡಬೇಕು, ಶಾಲೆ ಗ್ರಂಥಾಲಯಗಳಲ್ಲಿ ಅದು ಕಾಣುವಂತಾಗಬೇಕು.

ಹದ್ದು ಮತ್ತು ಕೋಳಿಮರಿಯ ಆಟವಾಡಿದ ಮಗು ಒಮ್ಮೆ ಗೂಡಿನೊಳಗನ್ನು ಕಂಡರೆ, ಹದ್ದು ಹೊತ್ತು ತಂದ ಇಲಿಗಾಗಿ ಬಾಯ್ತೆರೆದು ಕುಳಿತ ಎರಡು ಬಿಳಿಯ ಮರಿಗಳನ್ನು ಕಾಣುತ್ತದೆ. ಆಟವನ್ನು ಅದು ಬಿಡಬೇಕಾಗಿಲ್ಲ. ಆಡುವಾಗ ಇನ್ನೊಂದು ಬದಿಯಲ್ಲಿಯೂ ಮರಿಗಳಿವೆ ಎಂಬುದು ನೆನಪಿದ್ದರೆ ಸಾಕು. ಬಂಡೆಗಳು ಉಳಿಯಬೇಕೆ ಎಂಬ ಪ್ರಶ್ನೆ ಮುಂದೆ ಗ್ರಾಮಸಭೆಯಲ್ಲಿ ಎದ್ದಾಗ, ಅದಕ್ಕೆ ಉತ್ತರಿಸುವವರು ಇಂದಿನ ಇದೇ ಮಕ್ಕಳು.